ತೊಟ್ಟಿಕ್ಕಲು ಬಿಡುವಷ್ಟು ಹೊತ್ತು

ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಹತ್ತಿದಾಗ ಜಗತ್ತೆಲ್ಲ ಬೆಂಗಳೂರಿನ ಕಡೆ ತಿರುಗಿ ನೋಡಿತು. ನೀರಿಗೆ ಬೆಂಕಿ ಬೀಳುವುದೆಂದರೆ ಸಾಮಾನ್ಯವೇ? ವರ್ತೂರಿನ ಕೋಡಿಯಲ್ಲಿ ಎದ್ದ ನೊರೆ ಗಾಳಿಗೆ ಹಾರಿ ಸ್ಕೂಟರಿನವರ ಮುಖಕ್ಕೆ ಮೆತ್ತಿಕೊಂಡಾಗಲೂ ಅಷ್ಟೇ. ಟೀವಿಯವರು ಬಂದರು, ಹಸಿರು ನ್ಯಾಯಮಂಡಳಿ ಛೀಮಾರಿ ಹಾಕಿತು, ಒಂದಿಷ್ಟು ಕೆಲಸವೂ ಆಯಿತು. ಒಳ್ಳೆಯದೇ. ಆದರೆ ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ, ಮೈಸೂರು ರಸ್ತೆಗೆ ಅಂಟಿಕೊಂಡು ಹರಿಯುವ ವೃಷಭಾವತಿಯಲ್ಲಿ, ಕ್ರೋಮಿಯಂ, ನಿಕಲ್, ಸೀಸ, ಕ್ಯಾಡ್ಮಿಯಂ ದಶಕಗಳಿಂದ ಸದ್ದಿಲ್ಲದೆ ಹೋಗುತ್ತಿವೆ. ಅವಕ್ಕೆ ನೊರೆಯಿಲ್ಲ, ಬೆಂಕಿಯಿಲ್ಲ, ನೀರಿನಲ್ಲಿ ಬೆರೆತ ಮೇಲೆ ಬಣ್ಣವೂ ಇಲ್ಲ. ವಾಸನೆಯಂತೂ ಇಲ್ಲವೇ ಇಲ್ಲ. ಕೆಂಗೇರಿಯ ಹತ್ತಿರ ಬಸ್ಸಿನ ಕಿಟಕಿ ಎಳೆದು ಮೂಗು ಮುಚ್ಚಿಕೊಳ್ಳುವ ನಾವು ಹೆದರುತ್ತಿರುವುದು ಕೊಳೆಯುವ ಹೊಲಸಿಗೆ. ಕೊಳೆಯದ ಹೊಲಸು ನಮ್ಮ ಮೂಗಿನ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ನೀತಿಪ್ರಜ್ಞೆಯ ಲೆಕ್ಕಕ್ಕೂ ಬಂದಿಲ್ಲ.

ಹಾಗೆ ನೋಡಿದರೆ ಕೊಳೆಯುವುದು ಕೆಟ್ಟ ಗುಣವೇನಲ್ಲ. ಮಲ, ಮೂತ್ರ, ಎಂಜಲು ಇವನ್ನೆಲ್ಲ ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ನದಿಗೆ ಸಾಕಷ್ಟು ಗಾಳಿ, ಸಾಕಷ್ಟು ದೂರ, ದಾರಿಯಲ್ಲಿ ಒಂದಿಷ್ಟು ಕಲ್ಲುಬಂಡೆ ಸಿಕ್ಕರೆ ಅದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಹರಿಯುವ ನೀರಿಗೆ ದೋಷವಿಲ್ಲ ಎಂದು ಹಿರಿಯರು ನಂಬಿದ್ದರ ಹಿಂದೆ ಈ ಅನುಭವವಿತ್ತು. ಅದನ್ನು ಮೂಢನಂಬಿಕೆ ಎಂದು ನಾನು ಕರೆಯಲಾರೆ. ಅವರ ಕಾಲಕ್ಕೆ ಅದು ಸರಿಯಾದ ಕಾಣ್ಕೆಯೇ. ಲೋಹದ ಮುಂದೆ ಅದು ನಡೆಯುವುದಿಲ್ಲ. ಕ್ಯಾಡ್ಮಿಯಂ ಒಂದು ಮೂಲವಸ್ತು. ಅದನ್ನು ಒಡೆದು ತಿಂದು ಮುಗಿಸುವ ಜೀವಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನೀರಿನಿಂದ ಕೆಸರಿಗೆ, ಕೆಸರಿನಿಂದ ಬೇರಿಗೆ, ಬೇರಿನಿಂದ ಎಲೆಗೆ, ಎಲೆಯಿಂದ ಮನುಷ್ಯನ ಮೂತ್ರಪಿಂಡಕ್ಕೆ ಅದು ಜಾಗ ಬದಲಿಸಬಲ್ಲದು, ಅಷ್ಟೆ. ಮೂತ್ರಪಿಂಡ ಸೇರಿದ್ದು ಅರ್ಧಕ್ಕೆ ಇಳಿಯಲು ಹತ್ತರಿಂದ ಮೂವತ್ತು ವರ್ಷ ಹಿಡಿಯುತ್ತದೆ. ಕುಡಿಯುವ ನೀರಿನಲ್ಲಿ ನಮ್ಮ ಭಾರತೀಯ ಮಾನಕ ಒಪ್ಪುವ ಕ್ಯಾಡ್ಮಿಯಂ ಮಿತಿ ಲೀಟರಿಗೆ 0.003 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ. ಒಂದೇ ಒಂದು ಗ್ರಾಂ ಸಾಕು, ಮೂರು ಲಕ್ಷ ಮೂವತ್ಮೂರು ಸಾವಿರ ಲೀಟರ್ ಶುದ್ಧ ನೀರನ್ನು ಆ ಗೆರೆಯ ಮೇಲೆ ತಂದು ನಿಲ್ಲಿಸಲು. ಬೇಸಿಗೆಯಲ್ಲಿ ಬಡಾವಣೆಗಳಿಗೆ ಬರುವ ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತೇಳು ಟ್ಯಾಂಕರ್ ದಾಟುತ್ತದೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಇನ್ನೆರಡು ಲೋಟ ನೀರು ಸುರಿಯುವ ಉಪಾಯವನ್ನೇ ನಮ್ಮ ಕೈಗಾರಿಕೆಗಳು ಬಹುಕಾಲ ವಿಜ್ಞಾನವೆಂದು ನಂಬಿದ್ದವು. ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ. ಸಾರು ಹೆಚ್ಚಾಗಿರುತ್ತದೆ, ಉಣ್ಣುವವರೂ ಹೆಚ್ಚಾಗಿರುತ್ತಾರೆ.

ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಎಂಬುದು ಐತಿಹ್ಯ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬಂದು ಸಿಪ್ಪೆ ಬಿಡಿಸುತ್ತ ಓಡಾಡುವವರಲ್ಲಿ, ತಾವು ನಿಂತಿರುವುದು ಒಂದು ನದಿಯ ತಲೆಯ ಮೇಲೆ ಎಂದು ಬಲ್ಲವರು ಎಷ್ಟು ಮಂದಿಯೋ. ನಗರದ ಪಶ್ಚಿಮದ ರಾಜಕಾಲುವೆಗಳನ್ನೂ ಪೀಣ್ಯದ ಕಡೆಯಿಂದ ಇಳಿಯುವ ತೊರೆಗಳನ್ನೂ ಕೂಡಿಸಿಕೊಂಡು ಅದು ನಾಯಂಡಹಳ್ಳಿ, ಕೆಂಗೇರಿ, ಕುಂಬಳಗೋಡು ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬೀಳುತ್ತದೆ. ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಬ್ಯಾಟರಾಯನಪುರದ ಗಾಳಿ ಆಂಜನೇಯ ಇದೇ ನೀರಿನ ದಂಡೆಯ ದೇವರು. ಹೊಸ ಗಾಡಿ ಕೊಂಡವರು ಅಲ್ಲಿ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೋಗುತ್ತಾರೆ. ಮಳೆ ಜೋರಾದಾಗ ಕಾಲುವೆ ಉಕ್ಕಿ ದೇವಸ್ಥಾನದೊಳಕ್ಕೂ ಕೊಳಚೆ ನುಗ್ಗಿದ್ದುಂಟು.

ಅಂಥ ಹೊತ್ತಿನಲ್ಲಿ ನಮ್ಮ ಮನಸ್ಸು ಮೊದಲು ಕೇಳುವುದು ಗರ್ಭಗುಡಿಗೆ ಮೈಲಿಗೆಯಾಯಿತೇ ಎಂದು. ತೊಳೆದು, ಪುಣ್ಯಾಹ ಮಾಡಿ, ಧೂಪ ಹಾಕಿದರೆ ಆ ಪ್ರಶ್ನೆ ಮುಗಿಯಿತು. ಕ್ಯಾಡ್ಮಿಯಂಗೆ ಪುಣ್ಯಾಹವಿಲ್ಲ. ಸಾವಿರಾರು ವರ್ಷ ಮಡಿ-ಮೈಲಿಗೆಯ ವಿಷಯದಲ್ಲಿ ಇಷ್ಟು ತಲೆ ಕೆಡಿಸಿಕೊಂಡ ಇನ್ನೊಂದು ಸಮಾಜವನ್ನು ಹುಡುಕುವುದು ಕಷ್ಟ. ತನ್ನ ನದಿಗಳನ್ನು ಇಷ್ಟು ನಿಶ್ಚಿಂತೆಯಿಂದ ಕೆಡಿಸಿದ ಸಮಾಜವೂ ಅಪರೂಪವೇ. ಇದರಲ್ಲಿ ವಿರೋಧಾಭಾಸವಿದೆ ಎಂದು ಮೊದಲು ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಮೈಲಿಗೆಯ ಲೆಕ್ಕ ಯಾವತ್ತೂ ಹೊಲಸನ್ನು ಕುರಿತದ್ದಾಗಿರಲಿಲ್ಲ, ಹೊಲಸನ್ನು ಮುಟ್ಟುವವರನ್ನು ಕುರಿತದ್ದಾಗಿತ್ತು. ಮೋರಿ ಎತ್ತಿದವನು, ಚರ್ಮ ಹದ ಮಾಡಿದವನು, ಮ್ಯಾನ್‌ಹೋಲಿಗೆ ಇಳಿದವನು ಮೈಲಿಗೆ. ಆ ಮೋರಿಗೆ ವಿಷ ಬಿಟ್ಟವನಿಗೆ, ಬಿಡಲು ಪರವಾನಗಿ ಕೊಟ್ಟವನಿಗೆ, ಅದರಿಂದ ಬಂದ ಹೊಳೆಯುವ ನಲ್ಲಿಯನ್ನು ಬಚ್ಚಲಿಗೆ ಹಾಕಿಸಿಕೊಂಡವನಿಗೆ ಯಾವ ಮೈಲಿಗೆಯೂ ತಟ್ಟುವುದಿಲ್ಲ. ಆತ ಸ್ನಾನ ಮಾಡಿ ಮಡಿಯುಟ್ಟು ಕೂರಬಹುದು. ಹೊಲಸು ಮಾಡುವವರನ್ನು ಬಿಟ್ಟು ಹೊಲಸು ತೆಗೆಯುವವರನ್ನು ಹಿಡಿಯುವ ಈ ಹಳೆಯ ಅಭ್ಯಾಸ ನಮ್ಮ ಆಧುನಿಕ ಆಡಳಿತದಲ್ಲೂ ಹಾಗೇ ಮುಂದುವರಿದಿದೆ.

ಹೊಳೆಯುವ ನಲ್ಲಿ ಎಂದೆನಲ್ಲ, ಅದು ಹೇಗೆ ಹೊಳೆಯುತ್ತದೆ ಎಂದು ನೋಡಲು ಪರಿಚಿತರೊಬ್ಬರ ಜತೆ ಪೀಣ್ಯದ ಅಡ್ಡರಸ್ತೆಯೊಂದರ ಪ್ಲೇಟಿಂಗ್ ಶಾಪಿಗೆ ಹೋಗಿದ್ದೆ. ಉದ್ದನೆಯ ಶೀಟ್ ಮನೆ. ಗೋಡೆ ಪಕ್ಕ ಗುಂಯ್‌ಗುಡುವ ರೆಕ್ಟಿಫೈಯರ್. ಸಾಲಾಗಿ ಟ್ಯಾಂಕುಗಳು: ಸೋಪು, ಆ್ಯಸಿಡ್, ನೀರು, ನಿಕಲ್, ನೀರು, ಕ್ರೋಮ್, ಮತ್ತೆ ನೀರು. ನಿಕಲ್ಲಿನದು ಎಳೆ ಹಸಿರು, ಕ್ರೋಮಿನದು ಕಡು ಕಿತ್ತಳೆ. ಜಿಗ್ ಎಂಬ ಕೊಕ್ಕೆಗಳ ಚೌಕಟ್ಟಿಗೆ ಹಿತ್ತಾಳೆಯ ನಲ್ಲಿಗಳನ್ನು ಸಿಕ್ಕಿಸಿ ಒಂದೊಂದರಲ್ಲೇ ಅದ್ದುತ್ತ ಬಂದರೆ ಕೊನೆಗೆ ಕನ್ನಡಿಯಂಥ ಮೈ. ಯಾದಗಿರಿ ಕಡೆಯ ಹುಡುಗನೊಬ್ಬ ಕ್ರೋಮ್ ಟ್ಯಾಂಕಿನ ಮುಂದೆ ನಿಂತಿದ್ದ. ಕರೆಂಟು ಹರಿಯುವಾಗ ಟ್ಯಾಂಕಿನಿಂದ ಗುಳ್ಳೆಗಳೆದ್ದು ಸಣ್ಣ ಮಂಜು ಏಳುತ್ತದೆ. ಅದು ಹೆಕ್ಸಾವೇಲೆಂಟ್ ಕ್ರೋಮಿಯಂ, ಶ್ವಾಸಕೋಶದ ಕ್ಯಾನ್ಸರ್ ತರುವುದು ಸಾಬೀತಾದ ವಸ್ತು. ಈ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರ ಮೂಗಿನೊಳಗಿನ ನಡುಗೋಡೆ ತೂತು ಬೀಳುವುದು ವೈದ್ಯರಿಗೆ ನೂರು ವರ್ಷದಿಂದ ಗೊತ್ತಿರುವ ಸಂಗತಿ. ಹುಡುಗನ ಕೈಗವಸು ಹೆಬ್ಬೆರಳಿನ ಬಳಿ ಹರಿದಿತ್ತು. ಗೆಣ್ಣಿನ ಮೇಲೆ ದುಂಡನೆಯ ಹುಣ್ಣು, ಅಂಚು ದಪ್ಪಗಾಗಿ ನಡುವೆ ಗುಳಿ ಬಿದ್ದದ್ದು. "ನೋಯಂಗಿಲ್ರಿ ಸರ," ಎಂದ. ನಿಜ, ಆ ಹುಣ್ಣು ಹೆಚ್ಚು ನೋಯುವುದಿಲ್ಲ. ಅದಕ್ಕೇ ಯಾರೂ ರಜೆ ಹಾಕುವುದಿಲ್ಲ.

ಅವನು ಜಿಗ್ಗನ್ನು ಕ್ರೋಮಿನಿಂದ ಎತ್ತಿ, ಒಂದು ಸಲ ಒದರಿ, ಪಕ್ಕದ ನೀರಿಗೆ ಅದ್ದುತ್ತಿದ್ದ. ಎತ್ತುವುದಕ್ಕೂ ಅದ್ದುವುದಕ್ಕೂ ನಡುವೆ ಒಂದೆರಡು ಸೆಕೆಂಡು. ನಲ್ಲಿಗಳಿಗೆ ಅಂಟಿಕೊಂಡ ಕಿತ್ತಳೆ ದ್ರಾವಣ ಹಾಗೇ ತೊಳೆಯುವ ನೀರಿಗೆ ಹೋಗುತ್ತಿತ್ತು. ಆ ತೊಳೆದ ನೀರೇ ಮೋರಿ ಸೇರುವ ವಿಷ. ಟ್ಯಾಂಕಿನಲ್ಲಿರುವುದನ್ನು ಯಾರೂ ಚೆಲ್ಲುವುದಿಲ್ಲ, ಅದಕ್ಕೆ ದುಡ್ಡು ಕೊಟ್ಟಿರುತ್ತಾರೆ. ಜಿಗ್ಗನ್ನು ಟ್ಯಾಂಕಿನ ಮೇಲೆಯೇ ಹತ್ತು ಸೆಕೆಂಡು ಹಿಡಿದು, ಹನಿಯೆಲ್ಲ ತೊಟ್ಟಿಕ್ಕಲು ಬಿಟ್ಟರೆ ಹೊರಹೋಗುವ ಕ್ರೋಮಿಯಂ ಗಣನೀಯವಾಗಿ ಕಡಿಮೆಯಾಗುತ್ತದೆ. ಎರಡು ಟ್ಯಾಂಕಿನ ನಡುವೆ ಇಳಿಜಾರು ತಗಡೊಂದನ್ನು ಇಟ್ಟರೆ ಇನ್ನಷ್ಟು. ಇದಕ್ಕೆ ವಿದೇಶೀ ತಂತ್ರಜ್ಞಾನ ಬೇಡ, ಸಬ್ಸಿಡಿ ಬೇಡ. ಪ್ಲೇಟಿಂಗ್ ಕಲಿಸುವ ಪುಸ್ತಕಗಳಲ್ಲೆಲ್ಲ ಬರೆದಿರುವ ಮಾತು. ಮಾಲೀಕರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಮುಚ್ಚುಮರೆ ಮಾಡಲಿಲ್ಲ. "ಗೊತ್ತು ಸಾರ್. ಆದ್ರೆ ಇವ್ರಿಗೆ ಪೀಸ್ ರೇಟು. ಹತ್ತು ಸೆಕೆಂಡು ನಿಲ್ಲು ಅಂದ್ರೆ ದಿನಕ್ಕೆ ಎಷ್ಟು ಜಿಗ್ ಕಮ್ಮಿ ಆಗುತ್ತೆ ಲೆಕ್ಕ ಹಾಕಿ. ನನಗೆ ಕೆಲಸ ಕೊಡೋ ಕಂಪನಿ ರೇಟು ಏರ್ಸಿ ಎಷ್ಟು ವರ್ಷ ಆಯ್ತು ಅಂತ ಅವ್ರನ್ನೂ ಕೇಳಿ."

ಆ ಹತ್ತು ಸೆಕೆಂಡಿನ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ನೀತಿಶಾಸ್ತ್ರದ ಪುಸ್ತಕಗಳಲ್ಲಿ ಬರುವ ಪಾಪಗಳಿಗೆ ಮುಖವಿದೆ. ಒಬ್ಬ ಕೊಲ್ಲುತ್ತಾನೆ, ಒಬ್ಬ ಸಾಯುತ್ತಾನೆ. ನಡುವೆ ದ್ವೇಷವೋ ಲೋಭವೋ ಇರುತ್ತದೆ. ಇಲ್ಲಿ ಯಾರಲ್ಲೂ ದ್ವೇಷವಿಲ್ಲ. ಹುಡುಗ ಊರಿಗೆ ಹಣ ಕಳಿಸಬೇಕು. ಮಾಲೀಕ ಸಾಲ ಕಟ್ಟಬೇಕು. ಕಂಪನಿಯ ಖರೀದಿ ಅಧಿಕಾರಿ ಮೂರು ಕೊಟೇಶನ್ ತರಿಸಿ ಕಡಿಮೆಯದಕ್ಕೆ ಸಹಿ ಹಾಕುತ್ತಾನೆ. ಅದು ಅವನ ಪಾಲಿಗೆ ಪ್ರಾಮಾಣಿಕತೆ. ಅಂಗಡಿಯಲ್ಲಿ ನಾವು ಚೌಕಾಸಿ ಮಾಡುತ್ತೇವೆ, ಅದು ಜಾಣತನ. ಇಷ್ಟು ಮಂದಿ ತಂತಮ್ಮ ಧರ್ಮವನ್ನು ಸರಿಯಾಗಿ ಪಾಲಿಸಿದ್ದರ ಒಟ್ಟು ಮೊತ್ತ ಬೈರಮಂಗಲದ ಕೆಸರಿನಲ್ಲಿ ಕೂತಿದೆ. ಕರ್ಮಸಿದ್ಧಾಂತಕ್ಕೆ ಇದನ್ನು ಬಿಡಿಸುವ ಶಕ್ತಿಯಿಲ್ಲ, ಏಕೆಂದರೆ ಅದರ ಪ್ರಕಾರ ಮಾಡಿದವನೇ ಉಣ್ಣಬೇಕು. ಇಲ್ಲಿ ಮಾಡಿದವರು ಯಾರೂ ಉಣ್ಣುವುದಿಲ್ಲ, ಉಣ್ಣುವವರು ಏನೂ ಮಾಡಿಲ್ಲ. ಪರಿಚಯವಿಲ್ಲದ, ಮುಂದೆಂದೂ ಎದುರಾಗದ ಮನುಷ್ಯನೊಬ್ಬನಿಗೆ ನಾನು ಏನು ಮಾಡುತ್ತಿದ್ದೇನೆ ಎಂದು ಲೆಕ್ಕ ಹಾಕಿ ನೋಡುವುದೇ ಇಲ್ಲಿ ನೀತಿ. ಲೆಕ್ಕ ಹಾಕದ ಕರುಣೆ ಇಲ್ಲಿ ಕೆಲಸಕ್ಕೆ ಬಾರದು.

ಅದೇ ಶಾಪಿನ ಹಿಂಬದಿಯಲ್ಲಿ ಮಾಲೀಕರು ಇನ್ನೊಂದನ್ನು ತೋರಿಸಿದರು. ಕ್ರೋಮ್ ತೊಳೆದ ಹಳದಿ ನೀರನ್ನು ಒಂದು ಡ್ರಮ್ಮಿಗೆ ಹಾಕಿ, ಸ್ವಲ್ಪ ಆ್ಯಸಿಡ್ ಬೆರೆಸಿ, ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ಬಿಳಿ ಪುಡಿ ಹಾಕಿ ಕೋಲಿನಿಂದ ತಿರುವಿದರು. ನೋಡನೋಡುತ್ತ ಹಳದಿ ಮಾಸಿ ನೀರು ತಿಳಿಹಸಿರಾಯಿತು. ಕ್ಯಾನ್ಸರ್ ತರುವ ಕ್ರೋಮಿಯಂ ಅಷ್ಟೇನೂ ಅಪಾಯವಿಲ್ಲದ ಟ್ರೈವೇಲೆಂಟ್ ಕ್ರೋಮಿಯಂ ಆಗುವ ಗಳಿಗೆ ಅದು. ಆಮೇಲೆ ಸುಣ್ಣ ಹಾಕಿದರೆ ಹಸಿರು ಗಸಿಯಾಗಿ ತಳ ಸೇರಿತು, ಮೇಲೆ ತಿಳಿನೀರು ನಿಂತಿತು. ಅಂಗೈ ಸವರಿ ವಿಭೂತಿ ತರಿಸುವ ಬಾಬಾಗಳ ಮುಂದೆ ಕೈಮುಗಿದು ನಿಲ್ಲುವ ಜನ ಈ ಡ್ರಮ್ಮಿನ ಮುಂದೆ ಒಂದು ನಿಮಿಷ ನಿಲ್ಲಬೇಕು. ಮನುಷ್ಯ ತಾನೇ ಮಾಡಿದ ವಿಷವನ್ನು ತಾನೇ ಬುದ್ಧಿಯಿಂದ ಪಳಗಿಸುವುದು ಇದಕ್ಕಿಂತ ಕಣ್ಣಿಗೆ ಕಾಣುವ ಹಾಗೆ ನಾನು ಬೇರೆಲ್ಲೂ ನೋಡಿಲ್ಲ.

ತೊಂದರೆ ಆ ಗಸಿಯದು. ಹಿಂಡಿ ಒಣಗಿಸಿ ಚೀಲಕ್ಕೆ ತುಂಬಿ, ಅಪಾಯಕಾರಿ ತ್ಯಾಜ್ಯವನ್ನು ಹೂಳಲೆಂದೇ ದಾಬಸ್‌ಪೇಟೆ ಬಳಿ ಇರುವ ಜಾಗಕ್ಕೆ ದುಡ್ಡು ಕೊಟ್ಟು ಕಳಿಸಬೇಕು. ಪುಡಿಗೆ ದುಡ್ಡು, ಆ್ಯಸಿಡ್ಡಿಗೆ ದುಡ್ಡು, ಸುಣ್ಣಕ್ಕೆ ದುಡ್ಡು, ಚೀಲ ಸಾಗಿಸಲು ದುಡ್ಡು. ನೀರನ್ನು ಹಾಗೇ ರಾತ್ರಿ ಮೋರಿಗೆ ಬಿಟ್ಟರೆ ಎಲ್ಲ ಉಳಿಯಿತು. ರಾತ್ರಿಯೇ ಏಕೆ ಎಂದರೆ ಅಧಿಕಾರಿಗಳು ಮಾದರಿ ತೆಗೆಯುವುದು ಹಗಲು. ಬೆಳಿಗ್ಗೆ ಹನ್ನೊಂದಕ್ಕೆ ಜೀಪು ಬಂದು, ಬಾಟಲಿ ತುಂಬಿಸಿ, ಚೀಟಿ ಅಂಟಿಸಿಕೊಂಡು ಹೋಗುವ ಹೊತ್ತಿಗೆ ರಾತ್ರಿಯ ಕ್ರೋಮಿಯಂ ಕೆಂಗೇರಿ ದಾಟಿ ಎಷ್ಟೋ ದೂರ ಹೋಗಿರುತ್ತದೆ. ವರದಿ ಸುಳ್ಳಲ್ಲ, ಹನ್ನೊಂದು ಗಂಟೆಯ ನೀರು ನಿಜವಾಗಿಯೂ ಹಾಗೇ ಇತ್ತು. ಲೀಟರಿಗೆ 0.1 ಮಿಲಿಗ್ರಾಂಗಿಂತ ಹೆಚ್ಚು ಹೆಕ್ಸಾವೇಲೆಂಟ್ ಕ್ರೋಮಿಯಂ ಹೊರಗೆ ಬಿಡಕೂಡದು ಎಂಬ ನಿಯಮ ಪುಸ್ತಕದಲ್ಲಿ ಭದ್ರವಾಗಿದೆ.

ಈ ನದಿ ಹುಟ್ಟುವ ಬಸವನಗುಡಿಯಲ್ಲೇ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಎಚ್. ನರಸಿಂಹಯ್ಯನವರು ಬದುಕು ಕಳೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿ ದೇಶವೆಲ್ಲ ಚರ್ಚೆಯಾಗುವಂತೆ ಮಾಡಿದರು. ಆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಪಕ್ಕದಲ್ಲೂ ವೃಷಭಾವತಿಯ ನೀರೇ ಹರಿಯುವುದು. ಎಚ್ಚೆನ್ ತಲೆಮಾರಿನ ವೈಚಾರಿಕರಿಗೆ ನಾವು ಋಣಿ. ಆದರೆ ಅವರ ಹೆಸರು ಹೇಳಿಕೊಂಡು ಬಂದ ನಾವು ಇನ್ನೂ ಬಾಬಾಗಳ ಅಂಗೈಯನ್ನೇ ದಿಟ್ಟಿಸಿ ಕೂತಿದ್ದೇವೆ. ಈ ಕಾಲದ ಪವಾಡ ನಡೆಯುವುದು ಕಾಗದದ ಮೇಲೆ. ಕಾರ್ಖಾನೆಗೆ ನೀರು ಹೋಗುತ್ತದೆ, ಲೋಹ ಹೋಗುತ್ತದೆ. ಹೊರಗೆ ಬರುವುದು 'ಶೂನ್ಯ ವಿಸರ್ಜನೆ'. ಒಳಗೆ ಹೋದ ಕ್ರೋಮಿಕ್ ಆ್ಯಸಿಡ್ ಎಷ್ಟು, ನಲ್ಲಿಯ ಮೇಲೆ ಕೂತದ್ದೆಷ್ಟು, ಚೀಲದಲ್ಲಿ ಹೋದದ್ದೆಷ್ಟು, ಉಳಿದದ್ದೆಲ್ಲಿ? ಕೂಡಿ ಕಳೆಯಲು ಬಲ್ಲ ಹೈಸ್ಕೂಲು ಹುಡುಗಿ ಕೇಳಬಹುದಾದ ಪ್ರಶ್ನೆ. ವಿಭೂತಿ ಎಲ್ಲಿಂದ ಬಂತು ಎಂದು ಕೇಳುವುದು ವೈಚಾರಿಕತೆಯಾದರೆ, ಕ್ರೋಮಿಯಂ ಎಲ್ಲಿಗೆ ಹೋಯಿತು ಎಂದು ಕೇಳುವುದೂ ವೈಚಾರಿಕತೆಯೇ.

ಕೇಳುವುದಷ್ಟೇ ಸಾಲದು, ಗೊತ್ತಾದದ್ದನ್ನು ಹೇಳಬೇಕು. ಜಪಾನಿನ ಮಿನಮಾಟದ ಹೆಸರು ಎಲ್ಲರೂ ಕೇಳಿದ್ದೇವೆ; ಅಲ್ಲಿನ ಹೊಸೊಕಾವಾ ಹಾಜಿಮೆ ಎಂಬ ವೈದ್ಯರ ಹೆಸರು ಅಷ್ಟು ಕೇಳಿಲ್ಲ. ಆತ ಚಿಸ್ಸೊ ಕಂಪನಿಯ ಆಸ್ಪತ್ರೆಯ ಮುಖ್ಯಸ್ಥ. ವಿಚಿತ್ರ ನರರೋಗ ಕಾಣಿಸಿಕೊಂಡಿದೆ ಎಂದು 1956ರ ಮೇ 1ರಂದು ಆರೋಗ್ಯ ಕಚೇರಿಗೆ ವರದಿ ಮಾಡಿಸಿದವರು ಅವರೇ. ಊರಿನವರು ಅದು ಅಂಟುರೋಗವೆಂದು ಹೆದರಿ ರೋಗಿಗಳ ಮನೆಯನ್ನು ದೂರವಿಟ್ಟರು. ಕಂಪನಿ 1958ರಲ್ಲಿ ತನ್ನ ಪಾದರಸದ ಕೊಳಚೆಯನ್ನು ಕೊಲ್ಲಿಯಿಂದ ತಪ್ಪಿಸಿ ಊರಿನ ನದಿಯ ಬಾಯಿಗೆ ತಿರುಗಿಸಿತು; ರೋಗ ಹೊಸ ಜಾಗಗಳಿಗೂ ಹಬ್ಬಿತು. ಮರುವರ್ಷ ಹೊಸೊಕಾವಾ ಆ ಕೊಳಚೆಯನ್ನೇ ಬೆಕ್ಕೊಂದಕ್ಕೆ ಊಟದಲ್ಲಿ ಬೆರೆಸಿ ತಿನ್ನಿಸಿದರು. ಪ್ರಯೋಗದ ಪುಸ್ತಕದಲ್ಲಿ ಅದರ ಸಂಖ್ಯೆ 400. ಅಕ್ಟೋಬರಿನಲ್ಲಿ ಬೆಕ್ಕು ನಡುಗಿತು, ಸುತ್ತಿತು, ಗೋಡೆಗೆ ಬಡಿದುಕೊಂಡಿತು. ವ್ಯವಸ್ಥಾಪಕರಿಗೆ ತಿಳಿಸಿದರು, ಪ್ರಯೋಗ ನಿಲ್ಲಿಸಿ ಎಂದು ಅಪ್ಪಣೆಯಾಯಿತು, ವೈದ್ಯರು ಸುಮ್ಮನಾದರು. ಕೊಳಚೆ ಮಾತ್ರ 1968ರವರೆಗೆ ಹರಿಯಿತು. ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದೂ ಆ ವರ್ಷವೇ. 1970ರಲ್ಲಿ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದ ಹೊಸೊಕಾವಾ ಅಲ್ಲಿಂದಲೇ ನ್ಯಾಯಾಲಯಕ್ಕೆ ಸಾಕ್ಷಿ ಹೇಳಿದರು, ಕೆಲವೇ ತಿಂಗಳಲ್ಲಿ ತೀರಿಕೊಂಡರು. ಅವರನ್ನು ಖಳನೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ, ಸಂತನೆಂದೂ ಕರೆಯಲಾರೆ. ಆ ಹನ್ನೊಂದು ವರ್ಷದ ಮೌನದಲ್ಲಿ ಹುಟ್ಟಿದ ಮಕ್ಕಳಿದ್ದಾರೆ. ತಾಯಿ ತಿಂದ ಮೀನಿನ ಪಾದರಸವನ್ನು ಗರ್ಭದಲ್ಲೇ ಪಡೆದವರು.

ವೃಷಭಾವತಿಯ ಲೋಹಗಳ ಬಗ್ಗೆ ನಮ್ಮಲ್ಲೂ ಮೌನವಿದೆ, ಆದರೆ ಅದು ಬೇರೆ ತರಹದ್ದು. ಇಲ್ಲಿ ಯಾರೂ ಯಾರ ಬಾಯಿಯನ್ನೂ ಕಟ್ಟಿಲ್ಲ. ನೀರು, ಮಣ್ಣು, ಸೊಪ್ಪು ಎಲ್ಲವನ್ನೂ ಪರೀಕ್ಷಿಸಿ ಪಿಎಚ್.ಡಿ.ಗಳಾಗಿವೆ, ಲೇಖನಗಳಾಗಿವೆ. ಅವು ಇಂಗ್ಲಿಷಿನಲ್ಲಿವೆ, ಗ್ರಂಥಾಲಯಗಳಲ್ಲಿವೆ, ಬಡ್ತಿಯ ಅರ್ಜಿಗಳಿಗೆ ಲಗತ್ತಾಗಿವೆ. ಬಿಡದಿ ಹೋಬಳಿಯ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ನಿಮ್ಮೂರಿನ ಕೆರೆಯ ನೀರಿನಲ್ಲಿ ಈ ತಿಂಗಳು ಇಷ್ಟು ಸೀಸ, ಇಷ್ಟು ಕ್ಯಾಡ್ಮಿಯಂ ಎಂದು ಕನ್ನಡದಲ್ಲಿ ಬರೆದ ಹಲಗೆ ಇಲ್ಲ. ಯಾರ ಮಣ್ಣಿನಿಂದ ಅಂಕಿಅಂಶ ತೆಗೆದೆವೋ ಅವರಿಗೇ ಅದನ್ನು ಹೇಳದಿರುವುದು ಒಂದು ಬಗೆಯ ಕಳ್ಳತನವೇ, ಎಷ್ಟೇ ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಗಿರಲಿ.

ಅಳೆದು ಹೇಳಿದರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರಿನದೇ ಉದಾಹರಣೆಯಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆಯ ಯೋಜನೆಯಡಿ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಮತ್ತು ಸಂಗಡಿಗರು ಹಲವು ನಗರಗಳ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಅಳೆದರು. ಸುಮಾರು ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಆಗ ಎಚ್ಚರಿಕೆಯ ಗೆರೆಯೆಂದು ಭಾವಿಸಿದ್ದ ಪ್ರಮಾಣಕ್ಕಿಂತ, ಅಂದರೆ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ, ಹೆಚ್ಚು ಸೀಸವಿತ್ತು. ಮಗುವಿನ ಮಿದುಳಿಗೆ ಇಷ್ಟರವರೆಗೆ ಸೀಸ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಇವತ್ತು ಹೇಳುತ್ತದೆ. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಆ ಒಂದು ಅಧ್ಯಯನದಿಂದಲೇ ನಿಂತಿತು ಎಂದರೆ ಉತ್ಪ್ರೇಕ್ಷೆಯಾದೀತು. ಕೋರ್ಟುಗಳು, ಚಳವಳಿಗಳು, ಹೊಸ ಎಂಜಿನ್ನುಗಳು ಎಲ್ಲ ಸೇರಿದವು. ಆದರೆ 'ಗಾಳಿ ಕೆಟ್ಟಿದೆ' ಎಂಬ ಮಾತಿಗೂ 'ನಿಮ್ಮ ಮಗುವಿನ ರಕ್ತದಲ್ಲಿ ಇಷ್ಟಿದೆ' ಎಂಬ ಮಾತಿಗೂ ಇರುವ ವ್ಯತ್ಯಾಸವನ್ನು ತಂದೆತಾಯಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನದಿಯ ವಿಷಯದಲ್ಲಿ ಬೆಂಗಳೂರಿಗೆ ಆ ತುರ್ತು ಏಕಿಲ್ಲ? ಪೆಟ್ರೋಲಿನ ಹೊಗೆ ಹಾಯುತ್ತಿದ್ದುದು ನಗರದವರದೇ ಮಕ್ಕಳ ಮೂಗಿಗೆ. ನದಿಯ ಕಥೆ ಬೇರೆ, ಅದನ್ನು ತಿಳಿಯಲು ಭೂಪಟ ನೋಡಿದರೆ ಸಾಕು. ನಗರ ಕುಡಿಯುವ ಕಾವೇರಿಯನ್ನು ಶಿವನಸಮುದ್ರದ ಬಳಿ ಎತ್ತಿಕೊಂಡು, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡುತ್ತಾರೆ. ಅದೇ ನೀರು ಬಳಕೆಯಾಗಿ, ಲೋಹ ಬೆರೆಸಿಕೊಂಡು, ಅರ್ಕಾವತಿಯ ಮೂಲಕ ಕಾವೇರಿಗೆ ಮರಳುವುದು ಸಂಗಮದಲ್ಲಿ. ಸಂಗಮ ಇರುವುದು ಶಿವನಸಮುದ್ರಕ್ಕಿಂತ ಕೆಳಗೆ. ಅಂದರೆ ಬೆಂಗಳೂರು ಬಿಟ್ಟದ್ದನ್ನು ಬೆಂಗಳೂರು ಕುಡಿಯಬೇಕಾಗಿಲ್ಲ. ಕೆಳಗೆ ಹೊಗೇನಕಲ್ಲಿನಿಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕುಡಿಯುವ ನೀರು ಹೋಗುತ್ತದೆ. ಅಲ್ಲಿನ ಬಾವಿಗಳಲ್ಲಿ ಫ್ಲೋರೈಡ್ ಎಂದು 2013ರಲ್ಲಿ ಚಾಲೂ ಆದ ಯೋಜನೆ ಅದು. ನಮ್ಮ ಕೊಳಚೆ ಕುರಿತು ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಎಷ್ಟು ಟಿಎಂಸಿ ಬಿಟ್ಟೆವು ಎಂಬುದರ ಮೇಲೆ ಬಸ್ಸುಗಳಿಗೆ ಬೆಂಕಿ ಬೀಳುವ ಈ ನಾಡಿನಲ್ಲಿ, ಬಿಟ್ಟ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಏನಿತ್ತು ಎಂಬ ಮೊಕದ್ದಮೆ ಯಾರ ನೆನಪಿನಲ್ಲೂ ಇಲ್ಲ. ಸಂಗಮ ಶಿವನಸಮುದ್ರಕ್ಕಿಂತ ಮೇಲಿದ್ದಿದ್ದರೆ ಪೀಣ್ಯದ ಪ್ರತಿ ಜಿಗ್ಗಿಗೂ ಹತ್ತು ಸೆಕೆಂಡು ಎಂದೋ ಸಿಕ್ಕಿರುತ್ತಿತ್ತು.

ಕೆಳಗಿನವರಲ್ಲಿ ಮೊದಲಿಗರು ಬೈರಮಂಗಲದವರು. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಕೆರೆ. ಈಗ ವರ್ಷವಿಡೀ ತುಂಬಿರುತ್ತದೆ, ನಗರ ಬಚ್ಚಲು ನಿಲ್ಲಿಸುವುದಿಲ್ಲವಲ್ಲ. ಏರಿಯ ಕೆಳಗೆ ಸೀಮೆಹುಲ್ಲು, ಬೇಬಿಕಾರ್ನ್, ತೆಂಗು, ಹಿಪ್ಪುನೇರಳೆ. ಪಾಲಕ್‌ನಂಥ ಸೊಪ್ಪು ಮಣ್ಣಿನ ಕ್ಯಾಡ್ಮಿಯಂ ಅನ್ನು ಎಲೆಗೆ ಎಳೆದುಕೊಳ್ಳುವುದರಲ್ಲಿ ನಿಸ್ಸೀಮ. ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರಿಗೆ, ಈ ನೀರು ಒಳ್ಳೆಯದಲ್ಲ ಅಂತಾರಲ್ಲಮ್ಮ ಎಂದು ಅಂದೆ. ಕುಡುಗೋಲು ನಿಲ್ಲಿಸದೆ, "ಒಳ್ಳೇ ನೀರ ನೀವು ಕುಡ್ಕೊಂಡು ಇದ್ನ ಕಳಿಸ್ತೀರಿ. ಬ್ಯಾಡ ಅಂದ್ರೆ ಬ್ಯಾರೆ ನೀರು ತಂದ್ಕೊಡ್ತೀರಾ ಸ್ವಾಮಿ?" ಎಂದರು. ಈ ಊರುಗಳ ರೈತರನ್ನು ವಿಷ ಬೆಳೆಯುವವರೆಂದು ನಗರದ ಪತ್ರಿಕೆಗಳು ಆಗಾಗ ಚಿತ್ರಿಸುತ್ತವೆ; ಓದಿದ ಗೃಹಸ್ಥರು ಸಾವಯವ ಅಂಗಡಿಗೆ ದಾರಿ ಬದಲಿಸುತ್ತಾರೆ. ವಿಷವನ್ನು ಕಳಿಸಿದವರು ಬೆಳೆದವರ ಮೇಲೆ ತಪ್ಪು ಹೊರಿಸಿ, ಕೊಳ್ಳುವುದನ್ನೂ ನಿಲ್ಲಿಸಿ, ತಾವು ಮಾತ್ರ ಪಾರಾಗುವ ಈ ಜಾಣ್ಮೆಗೆ ಪರಿಸರ ಪ್ರಜ್ಞೆ ಎಂಬ ಹೆಸರಿದೆ.

ಕೊಳಚೆ ನೀರನ್ನು ಮರುಬಳಸುವುದೇ ತಪ್ಪು ಎನ್ನುವವರ ಜತೆಗೂ ನಾನಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ವೃಷಭಾವತಿ ಕಣಿವೆಯದನ್ನು ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಏರಿಸುವ ಯೋಜನೆಯಿದೆ. ಇಂಥವನ್ನು ವಿರೋಧಿಸುವ ಸಭೆಗಳಲ್ಲಿ ಹೆಚ್ಚು ಚಪ್ಪಾಳೆ ಬೀಳುವ ಮಾತು 'ಬೆಂಗಳೂರಿನವರ ಕಕ್ಕಸಿನ ನೀರು ನಮಗೇಕೆ' ಎಂಬುದು. ಕಕ್ಕಸಿಗೆ ಹೆದರಬೇಕಾಗಿಲ್ಲ. ಚೆನ್ನಾಗಿ ನಡೆಸುವ ಕೊಳಚೆ ಸಂಸ್ಕರಣಾ ಘಟಕದ, ಅಂದರೆ ಎಸ್‌ಟಿಪಿಯ ಸೂಕ್ಷ್ಮಜೀವಿಗಳು ಅದನ್ನು ನೋಡಿಕೊಳ್ಳುತ್ತವೆ, ಉಳಿದ ಸಾರಜನಕ ಪೈರಿಗೆ ಗೊಬ್ಬರ. ಹೇಸಿಗೆಯಿಂದ ಹುಟ್ಟಿದ ವಿರೋಧ ಮತ್ತೆ ಮಡಿಯ ಲೆಕ್ಕವೇ. ಆದರೆ ಅದೇ ಸಭೆಯ ಹಿಂದಿನ ಸಾಲಿನಲ್ಲಿ ಯಾರಾದರೂ ಎದ್ದು ನಿಂತು, ಮೂರನೆಯ ಹಂತದ ಸಂಸ್ಕರಣೆ ಏಕಿಲ್ಲ, ಲೋಹದ ವರದಿ ಎಲ್ಲಿ ಎಂದು ಕೇಳಿದರೆ ಆತ ಕೇಳಿದ್ದು ಸರಿಯಾದ ಪ್ರಶ್ನೆ. ಎಸ್‌ಟಿಪಿಯ ಜೀವಿಗಳಿಗೆ ಲೋಹ ಪಚನವಾಗುವುದಿಲ್ಲ. ಸ್ವಲ್ಪ ನೀರಿನಲ್ಲೇ ಉಳಿದು ದಾಟುತ್ತದೆ, ಮಿಕ್ಕದ್ದು ಗಸಿಗೆ ಅಂಟುತ್ತದೆ. ಅದನ್ನು ಒಣಗಿಸಿ ಗೊಬ್ಬರವೆಂದು ಹೊಲಕ್ಕೆ ಒಯ್ದರೆ ನದಿಯನ್ನು ತೊಳೆದು ನೆಲಕ್ಕೆ ಬಳಿದಂತೆ. ಮಾರ್ಗ ಒಂದೇ, ಲೋಹ ಮೋರಿಗೆ ಬೀಳುವ ಮುಂಚೆ, ಶಾಪಿನಲ್ಲೇ ಹಿಡಿಯುವುದು. ಅದರ ಖರ್ಚನ್ನು ಶಾಪಿನ ಮೇಲೆ ಮಾತ್ರ ಹೇರಿ ಬೀಗ ಜಡಿಯುವುದರಿಂದ ಆಗದು. ಬೀಗ ಬಿದ್ದ ಶಾಪು ಮಾಗಡಿ ರಸ್ತೆಯ ಯಾವುದೋ ಶೆಡ್ಡಿನಲ್ಲಿ ಬೋರ್ಡಿಲ್ಲದೆ ತೆರೆಯುತ್ತದೆ. ಕೆಲಸ ಕೊಡುವ ದೊಡ್ಡ ಕಂಪನಿಯ ಬಿಲ್ಲಿನಲ್ಲಿ ಆ ಪುಡಿ, ಆ ಸುಣ್ಣ, ಆ ಹತ್ತು ಸೆಕೆಂಡು ಸೇರಬೇಕು. ನಲ್ಲಿ ಸ್ವಲ್ಪ ದುಬಾರಿಯಾಗಬೇಕು.

ಕೆಲವು ವರ್ಷಗಳ ಹಿಂದೆ ಬೈರಮಂಗಲದಲ್ಲಿ ಹೊಸ ಕಾಮಗಾರಿ ಶುರುವಾಯಿತು. ನದಿಯ ಕೊಳಚೆ ಕೆರೆ ಸೇರದಂತೆ ಪಕ್ಕದಲ್ಲೇ ಕಾಲುವೆ ತೋಡಿ ಕೆಳಗೆ ದಾಟಿಸುವುದು, ಆಮೇಲೆ ಕೆರೆಯನ್ನು ಶುದ್ಧ ಮಾಡುವುದು. ಊರಿನಲ್ಲೇ ಇದಕ್ಕೆ ಎರಡು ಅಭಿಪ್ರಾಯ: ಕೆಲವರಿಗೆ ಬಿಡುಗಡೆ, ಕೆಲವರಿಗೆ ಇರುವ ನೀರೂ ಹೋಯಿತಲ್ಲ ಎಂಬ ಚಿಂತೆ, ಕಾಲುವೆಯ ಕೊನೆಯಲ್ಲಿರುವ ಊರುಗಳ ಅಭಿಪ್ರಾಯ ಬೇರೆಯೇ. ನನ್ನ ಪ್ರಶ್ನೆ ಹೂಳಿನದು. ಕೆರೆಯ ತಳದಲ್ಲಿ ನಗರದ ಹಲವು ದಶಕಗಳ ಕೈಗಾರಿಕಾ ಇತಿಹಾಸ ಪದರ ಪದರವಾಗಿ ಕೂತಿದೆ. ಹಿಂದೆ ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹಾಕುತ್ತಿದ್ದರು, ಅದಕ್ಕಿಂತ ಒಳ್ಳೆಯ ಗೊಬ್ಬರವಿರಲಿಲ್ಲ. ಇವತ್ತು ಆ ಗೋಡನ್ನು ಎತ್ತಿದರೆ ಯಾರ ಹೊಲಕ್ಕೆ ಹಾಕುವುದು? ಎತ್ತದೆ ಬಿಟ್ಟರೆ ಮೇಲೆ ಬಂದು ನಿಲ್ಲುವ ಮಳೆಯ ಒಳ್ಳೆ ನೀರಿಗೆ ಅದು ಏನನ್ನು ಬಿಟ್ಟುಕೊಡುತ್ತದೆ? ಎತ್ತುವ ಮುಂಚೆ ಪದರ ಪದರವನ್ನೂ ಕೊರೆದು ಪರೀಕ್ಷಿಸಬೇಕು, ಫಲಿತಾಂಶವನ್ನು ಊರಿನವರ ಮುಂದೆ ಕನ್ನಡದಲ್ಲಿ ಓದಬೇಕು. ಕೆಟ್ಟದ್ದನ್ನು ದಾಬಸ್‌ಪೇಟೆಯಂಥ ಜಾಗಕ್ಕೆ ಸಾಗಿಸುವ ಲಾರಿಗಳ ಬಾಡಿಗೆ ಸಣ್ಣ ಮೊತ್ತವಾಗುವುದಿಲ್ಲ. ಅದನ್ನು ಬೆಂಗಳೂರಿನ ನೀರಿನ ಬಿಲ್ಲಿಗೆ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ, ಪ್ರತಿ ತಿಂಗಳು, ಬೇರೆ ಸಾಲಿನಲ್ಲಿ, ಕೆರೆಯ ಹೆಸರು ಬರೆದು.